ಅರ್ಧಣ್ಣನ ಕಾವಲು

ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ಅವನನ್ನು ಎಲ್ಲರೂ ಅರ್ಧಣ್ಣ ಅಂತಲೇ ಕರೆಯುತ್ತಿದ್ದರು. ಬೆನ್ನ ಹಿಂದೆ ಮಾತ್ರವಲ್ಲ, ಎದುರಿಗೂ ಅದೇ ಹೆಸರು. ಅವನಿಗೇನೂ ಬೇಸರವಿರಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಒಂದಿಷ್ಟು ಹೆಮ್ಮೆಯೇ ಇತ್ತು. ಐವತ್ತರ ಹತ್ತಿರದ ಆಸಾಮಿ, ಮುಂದಲೆ ಬೋಳು, ಕಿಸೆಯಲ್ಲಿ ಸದಾ ಒಂದು ಸ್ಕ್ರೂಡ್ರೈವರ್, ಕಾಲಲ್ಲಿ ಸದ್ದು ಮಾಡದ ರಬ್ಬರ್ ಚಪ್ಪಲಿ. ಹಾಲ್‌ನಲ್ಲಿ ಸಾಲಾಗಿ ಕೂತು ಫೋನ್ ಎತ್ತುವವರ ಹಿಂದೆ ಒಂದು ಗಾಜಿನ ಬಾಗಿಲು; ಅದರಾಚೆ ತಣ್ಣಗೆ ಗುಂಯ್‌ಗುಡುವ ಸರ್ವರ್ ಕೋಣೆ. ಅದು ಅವನ ಸಾಮ್ರಾಜ್ಯ. ಅದರೊಳಗೆ ಅವನೇ ರಾಜ, ಅವನೇ ಕಾವಲುಗಾರ, ಕಸ ಗುಡಿಸುವವನೂ ಅವನೇ.

ಕಸ ಗುಡಿಸುವ ಕೆಲಸ ಅವನ ತಲೆಗೆ ಬಂದದ್ದಕ್ಕೂ ಒಂದು ಕಾರಣವಿತ್ತು. ಹಿಂದೊಮ್ಮೆ ನೆಲ ಒರೆಸಲು ಬಂದ ಹೆಂಗಸಿನ ಕೋಲು ಸಿಕ್ಕಿಕೊಂಡು ಸರ್ವರ್‌ನ ಕೇಬಲ್ ಕಿತ್ತು ಬಂದಿತ್ತು. ಆಗ ಇದ್ದದ್ದು ಒಂದೇ ಕೇಬಲ್. ಹಾಲ್‌ನ ಅಷ್ಟೂ ಪರದೆಗಳು ಕಲ್ಲಾದವು. ಫೋನ್ ಮಾಡಿದವರ ವಿಳಾಸ ಇಲ್ಲ, ಯಾವ ಗಾಡಿ ಎಲ್ಲಿದೆ ಅನ್ನುವ ಸುಳಿವಿಲ್ಲ. ಒಂದು ಗಾಡಿ ಎಲ್ಲಿಗೆ ಹೋಗಬೇಕೋ ತಿಳಿಯದೆ ಪೆಟ್ರೋಲ್ ಬಂಕಿನ ಪಕ್ಕ ನಿಂತುಬಿಟ್ಟಿತ್ತು. ಪುಣ್ಯಕ್ಕೆ ಅವತ್ತು ಯಾರೂ ಸಾಯಲಿಲ್ಲ. ಆದರೆ ಅವನಿಗೆ ಮಾತ್ರ ಊಟ ನಿದ್ದೆ ಸೇರಲಿಲ್ಲ.

ಅದಾದ ಮೇಲೆ ಅವನು ಹಟ ಹಿಡಿದು ಸರ್ವರ್‌ಗೆ ಎರಡು ನೆಟ್‌ವರ್ಕ್ ಕಾರ್ಡ್ ಹಾಕಿಸಿದ. ಎರಡನ್ನೂ ಜೋಡಿಸಿ ಒಂದೇ ಎಂಬಂತೆ ಮಾಡಿದ. ಯಂತ್ರದ ಲೆಕ್ಕದಲ್ಲಿ ಅದು ಒಂದೇ ದಾರಿ. ಒಳಗೆ ನೋಡಿದರೆ ಎರಡು. ಒಂದರ ಕೇಬಲ್ ಮೇಲೆ ಸೂರಿನಲ್ಲಿ ಹೋಗುತ್ತಿತ್ತು, ಇನ್ನೊಂದರದ್ದು ಕೆಳಗೆ ನೆಲದಲ್ಲಿ. ಎರಡೂ ಬೇರೆ ಬೇರೆ ಸ್ವಿಚ್ ಪೆಟ್ಟಿಗೆ ಸೇರುತ್ತಿದ್ದವು, ಪೆಟ್ಟಿಗೆಗಳಿಗೆ ಕರೆಂಟೂ ಬೇರೆ ಬೇರೆ ಕಡೆಯಿಂದ. ಒಂದು ಸತ್ತರೆ ಇನ್ನೊಂದು ಕ್ಷಣದಲ್ಲಿ ಹೊರೆ ಹೊತ್ತುಕೊಳ್ಳುತ್ತದೆ, ಫೋನ್ ಎತ್ತುವವರಿಗೆ ಗೊತ್ತೇ ಆಗುವುದಿಲ್ಲ. ಎರಡೂ ಬದುಕಿರುವಾಗ ಹೊರೆ ಹಂಚಿಕೊಳ್ಳುವುದರಿಂದ ಓಟವೂ ಜೋರು.

ಮೇಲಿನ ಸಾಹೇಬರ ಕಿವಿಗೆ ಬಿದ್ದದ್ದು ಈ ಕೊನೆಯ ಮಾತು ಮಾತ್ರ. ಗಾಡಿಗಳಲ್ಲಿ ಕ್ಯಾಮೆರಾ ಇಡಿಸಿ, ಆ ಚಿತ್ರಗಳನ್ನೂ ಇದೇ ದಾರಿಯಲ್ಲಿ ತರಿಸಬೇಕು ಎಂದು ಅವರಿಗೆ ಆಸೆ ಹುಟ್ಟಿತು.

"ಎರಡೂ ಅರ್ಧರ್ಧ ಖಾಲಿ ಬಿದ್ದಿವೆಯಲ್ಲಪ್ಪ," ಎಂದರು ಸಾಹೇಬರು, ಪರದೆಯ ಮೇಲಿನ ಗೆರೆ ತೋರಿಸಿ. "ಸುಮ್ನೆ ಯಾಕೆ ಖಾಲಿ ಇಡ್ಬೇಕು?"

"ಖಾಲಿ ಇರ್ಲಿ ಅಂತಾನೇ ಇಟ್ಟಿರೋದು ಸಾರ್."

"ಅಂದ್ರೆ?"

"ಎರಡು ಇವೆ ಅಂತ ಕಾಣುತ್ತೆ ಅಷ್ಟೆ. ನಮ್ಮ ಪಾಲಿಗೆ ಇರೋದು ಒಂದೇ. ಇವತ್ತು ಎರಡನ್ನೂ ತುಂಬಿಸ್ಬಿಟ್ರೆ, ನಾಳೆ ಒಂದು ಸತ್ತಾಗ ಅದರ ಹೊರೆನ ಯಾರ ತಲೆ ಮೇಲೆ ಹಾಕ್ತೀರಿ? ಉಳಿದಿದ್ದು ಉಸಿರುಕಟ್ಟಿ ಸಾಯುತ್ತೆ. ಒಂದೊಂದೂ ಅರ್ಧ ದಾಟಬಾರ್ದು ಸಾರ್. ಅರ್ಧ ಅಂದ್ರೆ ಅರ್ಧ."

ಸಾಹೇಬರು ರೇಗಿದರು, ನಯವಾಗಿ ಹೇಳಿದರು, ಆಮೇಲೆ ಮತ್ತೆ ರೇಗಿದರು. ಇವನು ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಕೊನೆಗೆ ಕ್ಯಾಮೆರಾಗಳಿಗೆ ಬೇರೆಯದೇ ದಾರಿ ಹಾಕಿಸಬೇಕಾಯಿತು. ಅವತ್ತಿನಿಂದ ಹಾಲ್‌ನಲ್ಲಿ ಯಾರಾದರೂ ತಟ್ಟೆಗೆ ಇನ್ನೊಂದಿಷ್ಟು ಬಡಿಸಲು ಹೋದರೆ, "ಅರ್ಧ ಸಾಕು, ಅರ್ಧ ದಾಟಬಾರ್ದು" ಎಂದು ನಗುವುದು ಶುರುವಾಯಿತು. ಅವನು ಅರ್ಧಣ್ಣನಾದದ್ದು ಹೀಗೆ. ಇಷ್ಟು ಗಟ್ಟಿಯಾಗಿ ತಿಳಿದಿದ್ದ ಒಂದು ವಿಷಯವನ್ನು ಮನುಷ್ಯ ಚಪ್ಪಲಿಯ ಜೊತೆ ಮನೆಯ ಹೊಸ್ತಿಲಲ್ಲೇ ಬಿಟ್ಟು ಒಳಗೆ ಹೋಗುತ್ತಾನಲ್ಲ, ಅದನ್ನು ನೆನೆದಾಗ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮನೆ ಎಂದರೆ ಮೂರನೇ ಮಹಡಿಯಲ್ಲಿ ಮುಂದೊಂದು ಕೋಣೆ, ಹಿಂದೊಂದು ಕೋಣೆ, ನಡುವೆ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒತ್ತಿಕೊಳ್ಳಬೇಕಾದ ಓಣಿಯಂಥ ಜಾಗ, ಅದರ ಪಕ್ಕ ಅಡುಗೆಮನೆ. ಹಿಂದಿನ ಕೋಣೆಯ ಮಂಚದ ಮೇಲೆ ಅವನ ತಾಯಿ ಮಲಗಿದ್ದಳು. ಲಕ್ವ ಹೊಡೆದು ಮಾತು ಹೋಗಿತ್ತು, ಬಲಗಡೆ ಮೈ ಹೋಗಿತ್ತು. ಹೋದದ್ದರಲ್ಲಿ ಕೆಟ್ಟದ್ದೆಂದರೆ ಗಂಟಲಿನ ಕಸುವು. ಕಫ ಇಳಿದರೆ ಕೆಮ್ಮಿ ಹೊರಗೆ ಹಾಕಲು ಅವಳ ಕೈಲಾಗುತ್ತಿರಲಿಲ್ಲ. ಮಂಚದ ಪಕ್ಕ ಒಂದು ಚಿಕ್ಕ ಮೆಷಿನ್; ಅದರ ಕೊಳವೆಯನ್ನು ಗಂಟಲಿಗೆ ಇಳಿಸಿ ಕಫ ಎಳೆದು ತೆಗೆಯಬೇಕು. ಹಗಲು ರಾತ್ರಿ ಎನ್ನದೆ ಯಾರಾದರೊಬ್ಬರು ಎಚ್ಚರವಾಗಿ ಕೂತಿರಲೇಬೇಕು ಎಂದು ಡಾಕ್ಟರು ಮುಖ ನೋಡಿ ಹೇಳಿ ಕಳಿಸಿದ್ದರು. ಗೊರಗೊರ ಸದ್ದು ಶುರುವಾದ ಮೇಲೆ ಇರುವುದು ಕೆಲವೇ ನಿಮಿಷ. ಅಷ್ಟರೊಳಗೆ ಕೊಳವೆ ಇಳಿಯಬೇಕು.

ಆ ಕೆಲಸ ಇಬ್ಬರು ಹೆಂಗಸರದ್ದು. ಒಬ್ಬಳು ಅವನ ಹೆಂಡತಿ. ಇನ್ನೊಬ್ಬಳು ಅವನ ಅಕ್ಕ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೇ ಬಂದು ಉಳಿದವಳು. ನಾದಿನಿ ಅತ್ತಿಗೆಯರಿಗೆ ಆಗಿಬರುವುದಿಲ್ಲ ಎನ್ನುವವರು ಇವರಿಬ್ಬರನ್ನು ನೋಡಬೇಕಿತ್ತು. ಒಬ್ಬಳು ಮಲಗಿದರೆ ಇನ್ನೊಬ್ಬಳು ಕೂರುತ್ತಿದ್ದಳು. ಹೇಳುವುದು ಕೇಳುವುದು ಏನೂ ಇಲ್ಲ, ಒಬ್ಬಳ ಕಣ್ಣು ಎಳೆಯುವ ಹೊತ್ತಿಗೆ ಇನ್ನೊಬ್ಬಳು ಮುಖ ತೊಳೆದುಕೊಂಡು ಬಂದು ನಿಂತಿರುತ್ತಿದ್ದಳು. "ಏಳಮ್ಮ ಮಹಾರಾಣಿ, ಸಿಂಹಾಸನ ಬಿಡು," ಎಂದು ಅಕ್ಕ ಕುರ್ಚಿ ತಟ್ಟುವಳು. "ನಿಮ್ಮ ಅಮ್ಮ ನಿಮ್ಮನ್ನೇ ಕೇಳ್ತಿದ್ರು, ನನ್ನ ಕೈ ಒರಟಂತೆ," ಎನ್ನುವಳು ಇವಳು. ಮಾತಿಲ್ಲದ ಆ ಮುದುಕಿಯ ಬಾಯಲ್ಲಿ ಇಬ್ಬರೂ ದಿನಾ ಇಂಥ ಮಾತು ಆಡಿಸಿ ನಗುತ್ತಿದ್ದರು. ಮುದುಕಿಯ ಎಡಗಣ್ಣೂ ಜೊತೆಗೆ ನಗುತ್ತಿತ್ತು.

ಅರ್ಧಣ್ಣ ಕೆಟ್ಟವನಲ್ಲ. ಆಫೀಸಿನಿಂದ ಬಂದ ಕೂಡಲೇ ಕೈಕಾಲು ತೊಳೆದು ತಾಯಿಯ ಬಳಿ ಕೂತು ಅವಳ ಅಂಗೈ ತಿಕ್ಕುತ್ತಿದ್ದ. ಕೊಳವೆ ಇಳಿಸುವುದನ್ನೂ ಕಲಿತಿದ್ದ. ಆದರೆ ಅವನ ಕಣ್ಣಿಗೆ ಬಿದ್ದದ್ದು ಒಂದೇ: ಒಬ್ಬಳು ದುಡಿಯುವಾಗ ಇನ್ನೊಬ್ಬಳು ಮಲಗಿರುತ್ತಾಳೆ. ಒಬ್ಬಳು ಕೂತಿರುವಾಗ ಇನ್ನೊಬ್ಬಳು ಕಿಟಕಿಯಲ್ಲಿ ನಿಂತು ಬೀದಿ ನೋಡುತ್ತಿರುತ್ತಾಳೆ.

ಅಕ್ಕನಿಗೆ ಹೊಲಿಗೆ ಚೆನ್ನಾಗಿ ಬರುತ್ತಿತ್ತು. ಎರಡು ಬೀದಿಯಾಚೆಯ ಹೊಲಿಗೆ ಅಂಗಡಿಯಲ್ಲಿ ಆಳು ಬೇಕಂತೆ ಎಂದು ಸುದ್ದಿ ತಂದವನು ಇವನೇ. "ಮನೇಲಿ ಕೂತು ಕೂತು ನಿನಗೂ ತಲೆ ಕೆಡುತ್ತೆ ಅಕ್ಕ. ಅರ್ಧ ದಿನ ಹೋಗಿ ಬಾ. ಹೆಂಗಿದ್ರೂ ಇವಳಿರ್ತಾಳಲ್ಲ." ಅಕ್ಕನಿಗೂ ನಾಲ್ಕು ಜನರ ಮುಖ ನೋಡುವ ಆಸೆ, ಹೊರಟಳು. ಇನ್ನು ಹೆಂಡತಿಯ ಸರದಿ. ಒಂದು ದಿನ ಅವನ ಡಬ್ಬಿಯ ಊಟದ ರುಚಿ ಹಾಲ್‌ನವರಿಗೆ ಹತ್ತಿತು. ಇಂಥ ಕೈರುಚಿ ನಮಗೂ ಸಿಕ್ಕರೆ ಎಂದು ಯಾರೋ ಅಂದದ್ದೇ ತಡ, "ಅದಕ್ಕೇನಂತೆ, ಒಬ್ಬರಿಗೆ ಮಾಡೋ ಕೈ ಐದು ಜನಕ್ಕೆ ಮಾಡುತ್ತೆ," ಎಂದು ಅಲ್ಲೇ ಮಾತು ಕೊಟ್ಟು ಬಂದ. ಮನೆಯಲ್ಲಿ ಅವಳನ್ನು ಒಂದು ಮಾತು ಕೇಳಲಿಲ್ಲ. ಅವಳು ಮುಖ ಊದಿಸಿದ್ದು ಒಂದೇ ಒಂದು ಸಂಜೆ. ಮರುದಿನ ಬೆಳಗ್ಗೆ ಐದು ಡಬ್ಬಿ ಸಾಲಾಗಿ ನಿಂತಿದ್ದವು.

ಹೀಗೆ ಇಬ್ಬರೂ ತುಂಬಿಹೋದರು. ಅಕ್ಕ ಅಂಗಡಿಯಿಂದ ಬಂದವಳೇ ಕುರ್ಚಿಗೆ ಕೂರುತ್ತಿದ್ದಳು, ಹೆಂಡತಿ ಕುರ್ಚಿಯಿಂದ ಎದ್ದವಳೇ ಒಲೆಯ ಮುಂದೆ ನಿಲ್ಲುತ್ತಿದ್ದಳು. ನಿದ್ದೆ ತುಂಡು ತುಂಡಾಯಿತು. ನಗೆಮಾತು ಕಮ್ಮಿಯಾಯಿತು; ಬಾಯಿ ತೆರೆಯಲೂ ಶಕ್ತಿ ಬೇಕಲ್ಲ. ಆಫೀಸಿನಲ್ಲಿ ಸಾಹೇಬರಿಗೆ ಮಾಡಗೊಡದ ಕೆಲಸವನ್ನು ಅರ್ಧಣ್ಣ ಮನೆಯಲ್ಲಿ ತನ್ನ ಕೈಯಾರೆ ಮಾಡಿ ಮುಗಿಸಿದ್ದ. ಅವನಿಗೆ ಅದು ಕಾಣಲೇ ಇಲ್ಲ. ಅಲ್ಲಿ ಯಾವ ಕಾರ್ಡ್ ಎಷ್ಟು ತುಂಬಿದೆ ಎಂದು ಪರದೆಯ ಮೇಲೆ ಗೆರೆ ಏರಿ ಇಳಿದು ತೋರಿಸುತ್ತಿತ್ತು. ಇಲ್ಲಿ ತೋರಿಸಲು ಇದ್ದದ್ದು ಇಬ್ಬರು ಹೆಂಗಸರ ಮುಖ ಮಾತ್ರ, ಅದನ್ನು ಅವನು ದಿನಾ ನೋಡುತ್ತಿದ್ದುದರಿಂದ ನೋಡುತ್ತಲೇ ಇರಲಿಲ್ಲ.

ಮಳೆಗಾಲ ಮುಗಿದು ಬಿಸಿಲು ಬಿದ್ದಿದ್ದ ದಿನಗಳು. ಅಕ್ಕ ಹೊಲಿಗೆ ಅಂಗಡಿಯ ಮೆಟ್ಟಿಲಲ್ಲಿ ಕಾಲು ಜಾರಿ ಬಿದ್ದಳು. ತೊಡೆಯ ಹತ್ತಿರ ಮೂಳೆ ಮುರಿಯಿತು. ಸೊಂಟದಿಂದ ಪಾದದವರೆಗೆ ಪಟ್ಟಿ ಹಾಕಿ, ಅಲುಗಾಡಕೂಡದು ಎಂದು ತಾಕೀತು ಮಾಡಿ ಕಳಿಸಿದರು. ಮುಂದಿನ ಕೋಣೆಯಲ್ಲಿ ಅವಳಿಗೊಂದು ಮಂಚ ಹಾಕಿದ್ದಾಯಿತು. ಈಗ ಮಲಗಿರುವವರು ಇಬ್ಬರು, ಓಡಾಡುವವಳು ಒಬ್ಬಳು. ಅಕ್ಕನ ಬೆಡ್‌ಪ್ಯಾನೂ ಅವಳೇ, ಅತ್ತೆಯ ಕೊಳವೆಯೂ ಅವಳೇ.

"ಡಬ್ಬಿ ನಿಲ್ಲಿಸ್ಲಾ ರೀ?" ಎಂದು ಕೇಳಿದಳು.

"ನಿಲ್ಲಿಸು, ನಿಲ್ಲಿಸು," ಎಂದ ಅವನು, ದೊಡ್ಡ ಮನಸ್ಸು ಮಾಡಿದವನಂತೆ. "ನಾನೂ ರಜ ಹಾಕ್ತೀನಿ. ಈ ವಾರ ಹೆಂಗಾದ್ರೂ ತಳ್ಳು, ಬರೋ ವಾರದಿಂದ ಮನೇಲೇ ಇರ್ತೀನಿ."

ಅಷ್ಟರ ಮಟ್ಟಿಗೆ ಅವನ ಮಾತು ಸುಳ್ಳಲ್ಲ. ರಾತ್ರಿ ಒಂದಿಷ್ಟು ಹೊತ್ತು ತಾನೂ ಕೂತ. ಆದರೆ ವಾರ ಮುಗಿಯುವ ಮೊದಲೇ, ಒಂದು ಬೆಳಗ್ಗೆ ಸರ್ವರ್ ಕೋಣೆಗೆ ಕಾಲಿಟ್ಟವನು ಹಾಗೇ ನಿಂತ. ಕೆಳಗಿನ ಕಾರ್ಡಿನ ಹಸಿರು ದೀಪ ಆರಿತ್ತು. ಕೇಬಲ್ ಬದಲಿಸಿ ನೋಡಿದ, ಸ್ವಿಚ್‌ನ ಬೇರೆ ತೂತಿಗೆ ಹಾಕಿ ನೋಡಿದ. ಕಾರ್ಡೇ ಸತ್ತಿತ್ತು.

ಹಾಲ್‌ನಲ್ಲಿ ಯಾರಿಗೂ ಏನೂ ಗೊತ್ತಾಗಿರಲಿಲ್ಲ. ಫೋನುಗಳು ಬರುತ್ತಿದ್ದವು, ಗಾಡಿಗಳು ಹೋಗುತ್ತಿದ್ದವು. ಮೇಲಿನ ಕಾರ್ಡು ಒಂದೇ ಎಲ್ಲವನ್ನೂ ಹೊತ್ತುಕೊಂಡಿತ್ತು. ಸುದ್ದಿ ತಿಳಿದ ಸಾಹೇಬರು ತಾವಾಗಿ ಗಾಜಿನ ಬಾಗಿಲು ತಳ್ಳಿಕೊಂಡು ಬಂದು ಅವನ ಬೆನ್ನು ತಟ್ಟಿದರು.

"ಅವತ್ತು ನಿನ್ನ ಮಾತು ಕೇಳಿದ್ದು ಒಳ್ಳೇದಾಯ್ತು ಕಣಯ್ಯ. ಕ್ಯಾಮೆರಾ ತುಂಬಿಸಿದ್ರೆ ಇವತ್ತು ನಮ್ಮ ಕಥೆ ಮುಗೀತಿತ್ತು."

ಅವನು ಹಲ್ಲು ಬಿಟ್ಟ. ಇಷ್ಟು ವರ್ಷದ ಹಟಕ್ಕೆ ಸಿಕ್ಕ ಬೆಲೆ ಅದು. ಹಾಲ್‌ನವರೆಲ್ಲ ತಿರುಗಿ ನೋಡಿ ಚಪ್ಪಾಳೆ ತಟ್ಟಿದರು. ಅಂಥ ದಿನ ಒಬ್ಬ ಸರ್ವರ್ ನೋಡಿಕೊಳ್ಳುವವನ ಬಾಳಿನಲ್ಲಿ ಎಷ್ಟು ಸಲ ಬಂದೀತು?

ಹೊಸ ಕಾರ್ಡು ಸಂಜೆಯೊಳಗೆ ಬರುತ್ತದೆ ಎಂದರು. ಸಂಜೆ, ನಾಳೆ ಎಂದರು. ಅವನು ಕೋಣೆ ಬಿಟ್ಟು ಕದಲಲಿಲ್ಲ. ಎರಡರಲ್ಲಿ ಒಂದು ಹೋದ ಮೇಲೆ ಉಳಿದದ್ದನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಬೇಕು, ಇದು ಅವನ ಧರ್ಮ. ಅದಕ್ಕೇನಾದರೂ ಆದರೆ ಮೂಲೆಯಲ್ಲಿದ್ದ ಹಳೆಯ ಮೆಷಿನ್‌ಗೆ ಕೇಬಲ್ ಎಳೆದು ಹೇಗೋ ಹಾಲ್ ನಡೆಸಬಹುದು, ಆ ಕ್ರಮ ಅವನೊಬ್ಬನಿಗೇ ಗೊತ್ತು. ಮನೆಗೆ ಫೋನ್ ಮಾಡಿ, "ಇವತ್ತು ಬರೋಕಾಗಲ್ಲ, ಹೆಂಗೋ ನೋಡ್ಕೋ," ಎಂದ. ರಾತ್ರಿ ಅಲ್ಲೇ ಕಳೆಯಿತು.

ಮರುದಿನ ಬೆಳಗ್ಗೆಯೂ ಕಾರ್ಡ್ ಬರಲಿಲ್ಲ. ಕಟ್ಟಡದ ಎಲೆಕ್ಟ್ರಿಷಿಯನ್ ಒಳಗೆ ಇಣುಕಿದ. ಇವನ ಮನೆಯ ಪರಿಸ್ಥಿತಿ ಅವನಿಗೆ ಗೊತ್ತಿತ್ತು, ಅವನೂ ಆ ಡಬ್ಬಿಯ ಊಟ ಉಂಡವನೇ.

"ಅರ್ಧಣ್ಣ, ನೀವು ಗುರಾಯಿಸ್ತಾ ಕೂತರೆ ಕಾರ್ಡ್ ಗಟ್ಟಿಯಾಗುತ್ತಾ? ಮನೆಗೆ ಹೋಗಿ ಬನ್ನಿ. ಹಳೇ ಮೆಷಿನ್‌ಗೆ ಕೇಬಲ್ ಎಳೆಯೋದು ಹೆಂಗೆ ಅಂತ ತೋರಿಸಿ, ನಾನು ಕೂತಿರ್ತೀನಿ."

"ನಿನ್ನ ಕೈಲಿ ಆಗಲ್ಲ ಬಿಡೋ."

"ಹೇಳಿಕೊಡದೆ ಆಗಲ್ಲ ಅಂದ್ರೆ ಹೆಂಗೆ?"

ಅವನು ಕೈ ಬೀಸಿ ಕಳಿಸಿಬಿಟ್ಟ. ಕಲಿಸಲು ಅರ್ಧ ಗಂಟೆ ಸಾಕಿತ್ತು.

ಮಧ್ಯಾಹ್ನದ ಹೊತ್ತಿಗೆ ಹೆಂಡತಿಯ ಫೋನ್ ಬಂತು. ಅವಳ ದನಿ ದೂರದಿಂದ ಬಂದಂತೆ, ನಾಲಿಗೆ ದಪ್ಪವಾದವರಂತೆ ಇತ್ತು.

"ರೀ, ಒಂದು ಗಂಟೆ ಬಂದು ಕೂತ್ಕೊಳ್ಳಿ. ಒಂದೇ ಒಂದು ಗಂಟೆ. ಕಣ್ಣು ಮುಚ್ಚಿ ಎದ್ದುಬಿಡ್ತೀನಿ. ಆಮೇಲೆ ವಾಪಸ್ ಹೋಗಿ ಬೇಕಾದ್ರೆ."

"ಹೆಂಗೆ ಬರ್ಲಿ ಹೇಳು? ಇಲ್ಲಿ ಒಂದೇ ಉಳಿದಿರೋದು ಕಣೇ. ಅದೂ ಹೋದ್ರೆ ಎಷ್ಟು ಜನರ ಪ್ರಾಣ ಹೋಗುತ್ತೆ ಗೊತ್ತಾ?"

"ಇಲ್ಲೂ ನಾನೊಬ್ಬಳೇ ರೀ."

"ಪಕ್ಕದ ಮನೆಯವರನ್ನ ಕರಿ."

"ಅವರಿಗೆ ಕೊಳವೆ ಇಳಿಸೋಕೆ ಬರಲ್ಲ. ನೋಡಿದ್ರೇ ಕೈ ನಡುಗುತ್ತೆ ಅಂತಾರೆ." ಅವಳು ದನಿ ತಗ್ಗಿಸಿದಳು. "ನನಗೆ ಹೆದರಿಕೆ ಆಗ್ತಿದೆ ರೀ. ಕಣ್ಣು ತೆರೆದಿದ್ರೂ ಕನಸು ಬೀಳ್ತಿದೆ."

"ಮುಖಕ್ಕೆ ನೀರು ಹಾಕ್ಕೋ. ಸಂಜೆ ಕಾರ್ಡ್ ಬಂದ ತಕ್ಷಣ ಓಡಿ ಬರ್ತೀನಿ. ಇಷ್ಟು ದಿನ ತಳ್ಳಿದ್ದೀಯ, ಇನ್ನೊಂದು ಸಂಜೆ ತಾನೇ?"

ಅವಳು ಫೋನ್ ಇಟ್ಟಳು. ಅವನು ಪರದೆಯ ಕಡೆ ತಿರುಗಿದ. ಉಳಿದ ಕಾರ್ಡಿನ ಗೆರೆ ಮುಕ್ಕಾಲು ಮುಟ್ಟಿ ಇಳಿಯುತ್ತಿತ್ತು. ತಡೆದುಕೊಂಡಿದೆ, ಪರವಾಗಿಲ್ಲ ಎಂದುಕೊಂಡ.

ಆಮೇಲೆ ಆದದ್ದನ್ನು ಅಕ್ಕ ಹೇಳಿದ ಮೇಲೆ ಎಲ್ಲರಿಗೂ ತಿಳಿಯಿತು. ಹೆಂಡತಿ ಮುಖ ತೊಳೆದಳು. ಅತ್ತೆಯ ಮಗ್ಗುಲು ಬದಲಿಸಿದಳು. ಒಮ್ಮೆ ಕೊಳವೆ ಇಳಿಸಿ ತೆಗೆದಳು. ಕೂತರೆ ನಿದ್ದೆ ಬರುತ್ತದೆ ಎಂದು ಗೋಡೆಗೆ ಒರಗಿ ನಿಂತಳು, ನಿಂತಲ್ಲೇ ಮಂಡಿ ಕುಸಿಯಿತು, ಕುರ್ಚಿಗೆ ಕೂತಳು. ಮುಂದಿನ ಕೋಣೆಯಿಂದ ಅಕ್ಕ ಅವಳನ್ನು ಎಚ್ಚರವಾಗಿಡಲೆಂದು ಏನೇನೋ ಮಾತಾಡಿಸುತ್ತಲೇ ಇದ್ದಳು: ಅಂಗಡಿಯ ಮಾತು, ಹಳೆಯ ಮಾತು, ಬಾಯಿಗೆ ಬಂದ ಮಾತು. ಇವಳ ಉತ್ತರ ಸಣ್ಣದಾಗುತ್ತ ಹೋಗಿ ನಿಂತಿತು. ಆಮೇಲೆ ಅಕ್ಕನಿಗೆ ಕೇಳಿಸಿದ್ದು ಗೊರಗೊರ ಸದ್ದು.

ಅಕ್ಕ ಕೂಗಿದಳು. ಗಂಟಲು ಹರಿಯುವಂತೆ ಅರಚಿದಳು. ಆ ಕೋಣೆಯಿಂದ ಮೆಷಿನ್ನಿನ ಸದ್ದು ಬರಲಿಲ್ಲ, ಕುರ್ಚಿ ಸರಿದ ಸದ್ದು ಬರಲಿಲ್ಲ. ಕೈಗೆ ಸಿಕ್ಕ ನೀರಿನ ಚೊಂಬನ್ನು ಓಣಿಗೆ ಎಸೆದಳು. ಕೊನೆಗೆ ಮಂಚದಿಂದ ಕೆಳಗೆ ಉರುಳಿ, ಪಟ್ಟಿ ಹಾಕಿದ ಕಾಲನ್ನು ಎಳೆದುಕೊಂಡು, ಮೊಣಕೈ ಊರಿ ಊರಿ ತೆವಳಿದಳು. ಮುರಿದ ಮೂಳೆ ಒಳಗೆ ಸರಿದದ್ದು ಅವಳಿಗೆ ಗೊತ್ತಾಯಿತಂತೆ. ಆ ಓಣಿಯ ಉದ್ದ ಎರಡು ಮೂರು ಮಾರು ಇದ್ದರೆ ಹೆಚ್ಚು. ಬಾಗಿಲಿಗೆ ಬಂದು ಅವಳು ಹೆಂಡತಿಯ ಪಾದ ಹಿಡಿದು ಜಗ್ಗಿದಾಗ ಗೊರಗೊರ ಸದ್ದು ನಿಂತು ಬಹಳ ಹೊತ್ತಾಗಿತ್ತು. ಹೆಂಡತಿ ಕೊಳವೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಿದ್ದೆ ಹೋಗಿದ್ದಳು.

ಎಚ್ಚೆತ್ತವಳು ಮೊದಲು ಕೊಳವೆ ಇಳಿಸಿದಳು, ಎದೆ ಒತ್ತಿದಳು, ಅಮ್ಮಾ ಅಮ್ಮಾ ಎಂದು ಕೆನ್ನೆ ತಟ್ಟಿದಳು. ಆಮೇಲೆ ಆಂಬುಲೆನ್ಸಿಗೆ ಫೋನ್ ಮಾಡಿದಳು.

ಆ ಫೋನ್ ಬಂದದ್ದು ಅದೇ ಹಾಲ್‌ಗೆ. ವಿಳಾಸ ಹರಿದು ಹೋದದ್ದು ಅರ್ಧಣ್ಣ ಕಾಯುತ್ತ ಕೂತಿದ್ದ ಅದೇ ಒಂದು ಕೇಬಲ್ಲಿನಲ್ಲಿ. ಎಲ್ಲೂ ತಡೆಯಲಿಲ್ಲ, ತೊದಲಲಿಲ್ಲ. ಮೂರನೇ ಸಾಲಿನಲ್ಲಿ ಕೂತಿದ್ದ ಹೆಂಗಸಿನ ಪರದೆಯ ಮೇಲೆ ಅದು ಥಟ್ಟನೆ ಮೂಡಿತು, ಹತ್ತಿರದ ಗಾಡಿಗೆ ಹೋಯಿತು, ಗಾಡಿ ಹೊರಟಿತು. ಎಲ್ಲ ಮುಗಿದ ಮೇಲೆ ಆ ಹೆಂಗಸು ವಿಳಾಸವನ್ನು ಇನ್ನೊಮ್ಮೆ ಓದಿದಳು. ಎದ್ದು ಗಾಜಿನ ಬಾಗಿಲಿನ ಹತ್ತಿರ ಬಂದು ನಿಂತಳು. ಒಳಗೆ ಅವನು ಗೆರೆ ನೋಡುತ್ತ ಕೂತಿದ್ದ. ಅವಳು ಬಾಗಿಲು ತಟ್ಟಲು ಎತ್ತಿದ ಕೈಯನ್ನು ಒಮ್ಮೆ ಇಳಿಸಿ ಮತ್ತೆ ಎತ್ತಿದಳು.

"ಅರ್ಧಣ್ಣ, ನಿಮ್ಮ ಮನೆಯಿಂದ ಫೋನ್ ಬಂದಿತ್ತು."

"ಗೊತ್ತು ತಾಯಿ, ಆಗಲೇ ಮಾತಾಡಿದೆ. ಸಂಜೆ ಹೋಗ್ತೀನಿ."

"ನಿಮಗೆ ಮಾಡಿದ್ದಲ್ಲ," ಎಂದಳು ಅವಳು. "ನಮಗೆ."

ಅವನು ಮನೆ ಮುಟ್ಟುವ ಹೊತ್ತಿಗೆ ಗಾಡಿಯವರು ತಮ್ಮ ಸಾಮಾನು ಎತ್ತಿಡುತ್ತಿದ್ದರು. ಅವರು ಅವನ ಆಫೀಸಿನವರೇ, ಮುಖ ನೋಡಿ ತಲೆ ತಗ್ಗಿಸಿದರು. ಅಕ್ಕನನ್ನು ಇನ್ನೊಂದು ಗಾಡಿಯಲ್ಲಿ ಆಸ್ಪತ್ರೆಗೆ ಒಯ್ಯಬೇಕಾಯಿತು. ಹೆಂಡತಿ ನೆಲದ ಮೇಲೆ ಕೂತು, "ಮಲಗಿಬಿಟ್ಟೆ ರೀ, ಮಲಗಿಬಿಟ್ಟೆ," ಎಂದು ಅದೊಂದನ್ನೇ ಹೇಳುತ್ತಿದ್ದಳು. ಅವನು ಅವಳ ಪಕ್ಕ ಕೂರಲಿಲ್ಲ. ತಾಯಿಯ ಕಾಲಿನ ಮೇಲೆ ತಲೆಯಿಟ್ಟು ಅತ್ತ. ಅಷ್ಟು ಹೊತ್ತಿಗೆ ಆಫೀಸಿಗೆ ಹೊಸ ಕಾರ್ಡು ಬಂದಿತ್ತು.

ಮಣ್ಣು ಮಾಡಿ ಬಂದ ಮೇಲೆ ಮಾತಾಡಿಸಲು ಬರುವವರು ಶುರುವಾದರು. ಮುಂದಾಳು ಅವನ ಚಿಕ್ಕಮ್ಮ, ಸತ್ತವಳ ತಂಗಿ. ಇಷ್ಟು ವರ್ಷದಲ್ಲಿ ಆ ಕುರ್ಚಿಯ ಮೇಲೆ ಒಂದು ಮಧ್ಯಾಹ್ನ ಕೂತವಳಲ್ಲ. ಈಗ ಬಂದ ಬಂದವರಿಗೆಲ್ಲ ಅವಳೇ ಕಥೆ ಹೇಳಿದಳು.

"ಹಾಡು ಹಗಲಲ್ಲಿ ಕಣ್ರೀ. ಮುರಿದ ಕಾಲಿನವಳು ತೆವಳ್ಕೊಂಡು ಬಂದು ಎಬ್ಬಿಸಬೇಕಾಯ್ತು ಅಂದ್ರೆ ಅದೆಂಥ ನಿದ್ದೆ ಇರ್ಬೇಕು! ಹೆತ್ತ ಮಗಳಾಗಿದ್ರೆ ಬರ್ತಿತ್ತಾ ಆ ನಿದ್ದೆ?"

ಹೆಂಡತಿ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದಳು. ಕೇಳಿಸದೆ ಇರಲು ಅದು ಅರಮನೆಯೇನಲ್ಲ. ಅರ್ಧಣ್ಣ ಬಾಯಿ ತೆರೆದ. "ಅವಳಿಗೂ ಸುಸ್ತಾಗಿತ್ತು ಚಿಕ್ಕಮ್ಮ," ಎಂದ. ಅಷ್ಟೇ. ಹೆಂಡತಿಯ ಪರವಾಗಿ ಆಡಿದ ಮಾತು ಎಂದು ಅವನ ಭಾವನೆ. ನಿಜವಾಗಿ ಅದು ಅವಳ ತಪ್ಪಿಗೆ ಹಾಕಿದ ರುಜು. ಲೋಟ ತೊಳೆಯುವ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಆಸ್ಪತ್ರೆಯಲ್ಲಿ ಅಕ್ಕ ಅವನನ್ನು ಹತ್ತಿರ ಕರೆದಳು. ಸರಿದ ಮೂಳೆ ಕೂಡಿಸಲು ಕಾಲಿಗೆ ಆಪರೇಷನ್ ಮಾಡಿದ್ದರು, ಮುಖ ಬಿಳಿಚಿಕೊಂಡಿತ್ತು.

"ಅವಳು ನಿನಗೆ ಫೋನ್ ಮಾಡಿದ್ದನ್ನ ನಾನು ಕೇಳಿಸ್ಕೊಂಡಿದ್ದೀನಿ ಕಣೋ. ಒಂದು ಗಂಟೆ ಬನ್ನಿ ಅಂತ ಬೇಡ್ಕೊಂಡ್ಳು. ನೀನೇ ಹೇಳ್ತೀಯೋ, ನಾನು ಹೇಳ್ಲೋ?"

"ಏನಂತ ಹೇಳ್ಲಿ ಅಕ್ಕ?"

"ಆದದ್ದು ಹೇಳು. ನನ್ನನ್ನ ಅಂಗಡಿಗೆ ಅಟ್ಟಿದ್ದು, ಅವಳ ತಲೆ ಮೇಲೆ ಡಬ್ಬಿ ಹೇರಿದ್ದು, ಎಲ್ಲಾ ಹೇಳು. ನಾನೂ ಕುಣ್ಕೊಂಡು ಹೋದೆ, ಅದನ್ನೂ ಹೇಳು. ನಾವಿಬ್ಬರೂ ಸೇರಿ ಅವಳನ್ನ ಒಂಟಿ ಮಾಡಿದ್ವಿ ಕಣೋ. ಅವಳ ನಿದ್ದೆ ಅಮ್ಮನ್ನ ಕೊಲ್ಲಲಿಲ್ಲ."

ಹೇಳಿದ. ಅದನ್ನು ಅವನ ಲೆಕ್ಕಕ್ಕೆ ಹಾಕಲೇಬೇಕು. ಮರುದಿನ ಮುಂದಿನ ಕೋಣೆಯಲ್ಲಿ ಜನ ತುಂಬಿ ಕೂತಿದ್ದಾಗ, ಹೆಂಡತಿ ಕುಡಿಯಲು ನೀರು ತಂದಿಡುತ್ತಿದ್ದಾಗ, ಅವನು ಎದ್ದು ನಿಂತು ಹೇಳಿದ. ಅವಳು ಒಂದು ರಾತ್ರಿ ಎರಡು ಹಗಲು ಕಣ್ಣು ಮುಚ್ಚಿರಲಿಲ್ಲ. ಫೋನ್ ಮಾಡಿ ಕರೆದಳು. ಒಂದೇ ಒಂದು ಗಂಟೆ ಎಂದಳು. ನಾನು ಬರಲಿಲ್ಲ. ಬೇರೊಬ್ಬರು ನನ್ನ ಜಾಗದಲ್ಲಿ ಕೂರುತ್ತೇನೆ ಎಂದರೂ ಬಿಟ್ಟು ಬರಲಿಲ್ಲ. ತಪ್ಪು ನನ್ನದು.

ಚಿಕ್ಕಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು ಅವನ ಕೈ ಹಿಡಿದು ಕೂರಿಸಿದಳು.

"ಅಯ್ಯೋ ನನ್ನ ಕಂದ, ನೀನ್ಯಾಕೆ ಮನಸ್ಸಿಗೆ ಹಚ್ಕೋತೀಯ? ನೀನೇನು ಆಟ ಆಡೋಕೆ ಹೋಗಿದ್ಯಾ? ಊರವರ ಪ್ರಾಣ ಕಾಯೋ ಕೆಲಸ. ಗಂಡಸು ಕೆಲಸ ಬಿಟ್ಟು ಬರೋಕಾಗುತ್ತಾ?" ಸುತ್ತ ಕೂತವರು ಹೌದೌದು ಎಂದು ತಲೆ ತೂಗಿದರು. ಎಂಥ ಮಗ, ಎಂಥ ಮನಸ್ಸು, ಹೆಂಡತಿಯ ತಪ್ಪನ್ನೂ ತನ್ನ ತಲೆ ಮೇಲೆ ಹಾಕಿಕೊಳ್ಳುತ್ತಾನೆ ಎಂದು ಒಬ್ಬರು ಇನ್ನೊಬ್ಬರ ಕಿವಿಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಹೆಂಡತಿ ನೀರಿನ ತಟ್ಟೆಯನ್ನು ನೆಲದ ಮೇಲಿಟ್ಟು ಒಳಗೆ ಹೋದಳು.

ಅವನಿಗೆ ಕಪಾಳಕ್ಕೆ ಹೊಡೆಸಿಕೊಂಡಂತಾಯಿತು. ನಿಜ ಹೇಳಿದರೆ ಅವಳ ಹೊರೆ ಇಳಿಯುತ್ತದೆ ಎಂದುಕೊಂಡಿದ್ದ. ಹೇಳಿದ್ದು ಅವನಿಗೇ ಇನ್ನೊಂದು ಬೆನ್ನು ತಟ್ಟುವಿಕೆಯಾಗಿ ಮುಗಿಯಿತು. ಮತ್ತೆ ಹೇಳಿದ, ಕೂಗಿ ಹೇಳಿದ. ಕೂಗಿದಷ್ಟೂ ಅವರ ಕನಿಕರ ಹೆಚ್ಚಿತು. ಪಾಪ, ತಾಯಿ ಹೋದ ದುಃಖ, ಏನು ಮಾತಾಡುತ್ತಿದ್ದಾನೋ ಅವನಿಗೇ ತಿಳಿಯುತ್ತಿಲ್ಲ ಎಂದರು.

ಬರುವವರೆಲ್ಲ ಬಂದು ಹೋದ ಮೇಲೂ ಅವನು ಆಫೀಸಿಗೆ ಹೋಗಲಿಲ್ಲ. ಕೇಳಿದ್ದಕ್ಕಿಂತ ಹೆಚ್ಚು ದಿನ ಸಾಹೇಬರು ರಜ ಕೊಟ್ಟಿದ್ದರು. ಎಲೆಕ್ಟ್ರಿಷಿಯನ್ ಹಳೇ ಮೆಷಿನ್‌ಗೆ ಕೇಬಲ್ ಎಳೆಯುವುದನ್ನು ಕಲಿತುಕೊಂಡನಂತೆ. ಇವನು ಫೋನಿನಲ್ಲೇ ಹೇಳಿಕೊಟ್ಟ, ಅವನಿಗೆ ಒಂದೇ ಸಲಕ್ಕೆ ಬಂತು.

ಮನೆಯಲ್ಲಿ ಹೆಂಡತಿಗೆ ನಿದ್ದೆ ಬಿಟ್ಟು ಹೋಗಿತ್ತು. ಡಾಕ್ಟರು ಕೊಟ್ಟ ಮಾತ್ರೆ ನುಂಗಿದರೂ ಅಷ್ಟೆ, ಕಣ್ಣು ಮುಚ್ಚಿದ ಗಳಿಗೆಗೇ ಬೆಚ್ಚಿ ಎದ್ದು ಹಿಂದಿನ ಕೋಣೆಗೆ ಓಡುತ್ತಿದ್ದಳು. ಓಡಿ ಓಡಿ ಸಾಕಾಗಿ, ಕೊನೆಗೆ ಅಲ್ಲೇ ಕೂರಲು ಶುರು ಮಾಡಿದಳು. ಹಾಸಿಗೆ ಸುತ್ತಿಟ್ಟ ಬರೀ ಮಂಚ, ಅದರ ಪಕ್ಕ ಅದೇ ಕುರ್ಚಿ. ಬೆನ್ನು ನೆಟ್ಟಗೆ ಮಾಡಿಕೊಂಡು, ಕಿವಿಯಿಟ್ಟು ಕೂತಿರುತ್ತಿದ್ದಳು. ಕಣ್ಣಿನ ಸುತ್ತ ಕಪ್ಪು ಇಳಿದು ಕೆನ್ನೆಗೆ ಬಂದಿತ್ತು.

ಒಂದು ಮಧ್ಯಾಹ್ನ ಅವನು ಬಾಗಿಲಲ್ಲಿ ನಿಂತು ಬಹಳ ಹೊತ್ತು ಅವಳನ್ನು ನೋಡಿದ. ನಿಜವಾಗಿ ನೋಡಿದ. ಆಮೇಲೆ ಒಳಗೆ ಹೋಗಿ ಅವಳ ಭುಜದ ಮೇಲೆ ಕೈಯಿಟ್ಟ.

"ಏಳು, ಹೋಗಿ ಸ್ವಲ್ಪ ಮಲಗು," ಎಂದ. "ನಾನು ಕೂತಿರ್ತೀನಿ."

ಅವಳು ತಲೆಯೆತ್ತಿದಳು. ಮುಖದಲ್ಲಿ ಕೋಪವಿರಲಿಲ್ಲ, ಕೋಪ ಮಾಡಿಕೊಳ್ಳಲೂ ಶಕ್ತಿ ಉಳಿದಿರಲಿಲ್ಲ. ತಿಳಿಯದ್ದನ್ನು ಕೇಳುವವಳಂತೆ ಮೆಲ್ಲಗೆ ಕೇಳಿದಳು.

"ಈಗ ಯಾರ ಹತ್ತಿರ ಕೂತ್ಕೋತೀರಿ?"

ಅವನ ಕೈ ಅವಳ ಭುಜದ ಮೇಲೇ ಉಳಿಯಿತು. ಅವಳು ಕುರ್ಚಿ ಬಿಟ್ಟು ಏಳಲಿಲ್ಲ.